ಮಗ್ಗದ ಮನೆಯ ತುಟಿಮಾತು

ಮೊದಲ ಸಾಲಿನಲ್ಲಿ, ಬಿಳಿ ಬಟ್ಟೆ ತೊಡಿಸಿದ ಕುರ್ಚಿಯ ಬೆನ್ನಿಗೆ ಅಂಟಿಸಿದ ಕಾಗದದ ಮೇಲೆ 'ಕು. ಫಿಝಾ ಅವರ ತಾಯಿ' ಎಂದು ಬರೆದಿತ್ತು. ಕಮರ್ ಜಹಾನ್ ಅದನ್ನು ಓದಿ, ಅಲ್ಲಿ ಕೂರಬೇಕಾದವಳು ಬೇರೆ ಯಾರೋ ಇನ್ನೂ ಬರಬೇಕಾಗಿದೆ ಎಂಬಂತೆ ಕೊಂಚ ಹೊತ್ತು ಪಕ್ಕದಲ್ಲೇ ನಿಂತಿದ್ದು, ಆಮೇಲೆ ಬೆನ್ನು ತಾಗಿಸದೆ ತುದಿಯಲ್ಲಿ ಕೂತಳು. ಬೆನ್ನು ತಾಗಿದರೆ ಕಾಗದ ಸುಕ್ಕಾಗುತ್ತದೆ, ಸುಕ್ಕಾದರೆ ಅದನ್ನು ಬರೆದವರಿಗೆ ಬೇಜಾರಾಗುತ್ತದೆ. ಕಲ್ಯಾಣಮಂಟಪದ ವೇದಿಕೆಯ ಮೇಲೆ ನಿನ್ನೆಯ ಮದುವೆಯ ಹೂವಿನ ಕಂಬಗಳು ಹಾಗೇ ಇದ್ದವು. ವಧೂವರರ ಹೆಸರು ಕಿತ್ತಿದ್ದ ಜಾಗದಲ್ಲಿ 'ನೆರೆಹೊರೆ ಬಳಗ, ವಾರ್ಷಿಕ ಸಂತೋಷಕೂಟ, ನಾಗರಿಕ ಹಕ್ಕು ಮತ್ತು ಯುವ ನಾಯಕತ್ವ ಪುರಸ್ಕಾರ' ಎಂಬ ಬ್ಯಾನರು ತೂಗಿತ್ತು. ಹಕ್ಕಿಗಾಗಿ ಹೋರಾಡಿದ ಹಿರಿಯಳೆಂದು ಮೊದಲ ಶಾಲು ಹೊದೆಸಿಕೊಂಡ ಲಕ್ಕಮ್ಮ ಅದರ ಕೆಳಗೆ ಕೂತು ತೂಕಡಿಸುತ್ತಿದ್ದಳು. ಒಂದು ಕಾಲದಲ್ಲಿ ಊರ ಬಾವಿಯ ಕಟ್ಟೆ ಹತ್ತಿ, ಬೈದವರೆದುರೇ ಕೊಡ ಇಳಿಸಿದ್ದವಳಂತೆ. ಕೊಡ ತುಂಬಿದ ಮೇಲೆ ಆ ನೀರನ್ನು ಏನು ಮಾಡಿದಳೋ, ಕುಡಿದಳೋ, ಅಡಿಗೆಗೆ ಇಟ್ಟಳೋ ಎಂದು ಕಮರ್ ಜಹಾನಳಿಗೆ ತಿಳಿಯಬೇಕೆನ್ನಿಸಿತು. ಭಾಷಣ ಮಾಡಿದ ಯಾರೂ ಅದನ್ನು ಹೇಳಲಿಲ್ಲ.

ಬಳಗದ ಕಾರ್ಯದರ್ಶಿ ನರೇಶ್, ಕುತ್ತಿಗೆಗೆ ಹಾಕಿದ ಬ್ಯಾಡ್ಜು ಬೆನ್ನಿಗೆ ಹೋಗಿದ್ದರೂ ಗಮನವಿಲ್ಲದೆ ಓಡಾಡುತ್ತಿದ್ದವನು, ಅವಳ ಮುಂದೆ ಮಂಡಿಯೂರಿ ಕೂತ. ಒಳ್ಳೆಯ ಹುಡುಗ, ಬೆವರಿದ್ದ. "ಅಮ್ಮಾ, ವಿಡಿಯೋ ಆದ್ಮೇಲೆ ನಿಮ್ಮನ್ನ ಕರೀತೀನಿ. ಎರಡೇ ಎರಡು ಮಾತು ಸಾಕು. ಮಗಳ ಬಗ್ಗೆ ನಿಮಗೆ ಏನನ್ನಿಸ್ತದೆ ಅಂತ. ಕಣ್ಣಲ್ಲಿ ನೀರು ಬಂದ್ರೆ ತಡೀಬೇಡಿ, ಬರ್ಲಿ, ಒಳ್ಳೇದೇ." ಆಮೇಲೆ ದನಿ ತಗ್ಗಿಸಿ, "ಹಾಗೇ ಲೇಔಟಿನ ಅಧ್ಯಕ್ಷರಿಗೂ ಒಂದು ಥ್ಯಾಂಕ್ಸ್ ಹೇಳ್ಬಿಡಿ. ಗೇಟು ತೆಗೆಸಿಕೊಟ್ರಲ್ಲ. ಈ ಸಲ ನಮಗೆ ದೊಡ್ಡ ಆಸರೆ ಅವರದೇ" ಎಂದ. ತೆಗೆಸಿಕೊಟ್ಟವರು ಎಂಬ ಮಾತನ್ನು ಕಮರ್ ಜಹಾನ್ ನಾಲಿಗೆಯ ಕೆಳಗಿಟ್ಟುಕೊಂಡು ನೋಡಿದಳು. ಹಾಕಿದವರೂ ಅವರೇ. ಹಾಕಿದವರೇ ತೆಗೆಯಬೇಕು, ಬೇರೆ ಯಾರು ತೆಗೆದಾರು, ಎಂದುಕೊಂಡಾಗ ಅದೂ ಒಂದು ರೀತಿಯಲ್ಲಿ ಸರಿಯೇ ಎನ್ನಿಸಿತು. ತಲೆಯಾಡಿಸಿದಳು. ಬ್ಯಾಡ್ಜು ಹಿಂದೆ ಹೋಗಿದೆಯಪ್ಪಾ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನು ಎದ್ದು ಹೋಗಿಯಾಗಿತ್ತು.

ಅಧ್ಯಕ್ಷರು ಅದೇ ಸಾಲಿನ ಆಚೆ ತುದಿಯಲ್ಲಿ ಹೆಂಡತಿಯೊಡನೆ ಕೂತಿದ್ದರು. ಅವರು ಮಾತಾಡಿಕೊಂಡದ್ದು ಅಷ್ಟು ದೂರ ಕೇಳುವ ಹಾಗಿರಲಿಲ್ಲ. ಆದರೆ ಕಮರ್ ಜಹಾನ್ ಕೇಳುವುದು ಕಿವಿಯಿಂದಲ್ಲ. ಕೋದಂಡರಾಮಯ್ಯನವರ ಮಗ್ಗದ ಶೆಡ್ಡಿನಲ್ಲಿ ಅವಳು ಅಚ್ಚು ಕೆಚ್ಚುವ ಕೆಲಸಕ್ಕೆ ಸೇರಿದಾಗ ಫಿಝಾ ಇನ್ನೂ ಹುಟ್ಟಿರಲಿಲ್ಲ. ಮಗ್ಗದ ಹಿಂದೆ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುವುದು, ಸುತ್ತ ಮಿಕ್ಕ ಮಗ್ಗಗಳು ಲಟಲಟ ಬಡಿಯುತ್ತಲೇ ಇರುವುದು. ಆ ಸದ್ದಿನ ಮೇಲೆ ಕೂಗಿದರೆ ಗಂಟಲು ಹೋಗುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಸದ್ದು ಏರಿದರೆ ದನಿ ಇಳಿಸು, ತುಟಿ ಅಗಲಿಸು, ಯಾರಿಗೆ ಹೇಳಬೇಕೋ ಅವರತ್ತ ಮುಖ ಮಾಡು: ಇಷ್ಟೇ ಆ ಮನೆಯ ಮರ್ಯಾದೆ. ಮಗ್ಗದವರೆಲ್ಲ ಹೀಗೆ ತುಟಿಯಲ್ಲೇ ಆಡುತ್ತಾರೆ, ಬೈಯುತ್ತಾರೆ, ಮದುವೆ ಕುದುರಿಸುತ್ತಾರೆ. ಮನೆಯ ಮಾತು ದಖನಿ, ನಮಾಜಿನ ಮಾತು ಅರಬಿ, ತುಟಿಯ ಮಾತು ಮಾತ್ರ ಕನ್ನಡ. ಅಧ್ಯಕ್ಷರ ತುಟಿ ಹೆಂಡತಿಯತ್ತ ತಿರುಗಿ ಕೇಳುತ್ತಿತ್ತು, "ಹೆಸರು ಕರೆದಾಗ ಎದ್ದು ನಿಲ್ಬೇಕಾ, ಕೂತೇ ಕೈ ಮುಗೀಲಾ?" ಹೆಂಡತಿಯ ತುಟಿ, "ಸುಮ್ನೆ ಕೂತ್ಕೊಳ್ರೀ, ಆ ಹುಡುಗಿ ನಿಮ್ಮನ್ನೇ ನೋಡ್ತಾವ್ಳೆ" ಎಂದಿತು. ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಹೆದರಿದ್ದಾರೆ! ಕಮರ್ ಜಹಾನಳಿಗೆ ಇದು ಎಷ್ಟು ಹೊಸದಾಗಿ ಕಂಡಿತೆಂದರೆ, ಕದ್ದು ಕೇಳಿದ ಪಾಪಕ್ಕೆ ಒಂದು ಸಲ ಅಸ್ತಗ್‌ಫಿರುಲ್ಲಾ ಅಂದುಕೊಂಡು, ಮತ್ತೆ ಅತ್ತಲೇ ನೋಡಿದಳು.

ಕೇಳುವುದೂ ಒಂದು ಇಬಾದತ್ತೇ, ಆರಾಧನೆಯೇ, ಎಂದು ತಾಯಿಯ ತಂದೆ ನಾನಾ ಹೇಳುತ್ತಿದ್ದರು. ಅವರು ಸಂಜೆ ಪಡಸಾಲೆಯಲ್ಲಿ ಪ್ರವಾದಿಯ ಹೊಗಳಿಕೆಯ ನಾತ್ ಹಾಡುವಾಗ ಪರದೆಯ ಹಿಂದೆ ಕೂತ ಹುಡುಗಿ ಕಮರ್ ಜಹಾನ್, ಅರ್ಥ ತಿಳಿಯದಿದ್ದರೂ ಯಾವ ಸಾಲು ಎಲ್ಲಿ ಉಸಿರು ಎಳೆಯುತ್ತದೆಂದು ಬಲ್ಲವಳಾಗಿದ್ದಳು. ಆಮೇಲೆ ಶೆಡ್ಡಿನಲ್ಲೂ ಹಾಗೆಯೇ: ಅಮಾವಾಸ್ಯೆಯ ದಿನ ಮಗ್ಗ ನಿಂತಾಗ ಕೋದಂಡರಾಮಯ್ಯನವರು ಪೂಜೆ ಮುಗಿಸಿ ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು, ಅವಳು ನೂಲು ಸುತ್ತುವ ಕಂಡಿಕೆ ಕೋಣೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು, ಮಗ್ಗದ ಮೇಲೆ ಮೊಣಕೈಯೂರಿ ನೇಕಾರ ಮುನಿಸ್ವಾಮಿ ಕೇಳುತ್ತಿದ್ದ. ಅಂದರೆ, ನೋಡುತ್ತಿದ್ದ. ಅವನ ಕಿವಿ ಆಗಲೇ ಮುಕ್ಕಾಲು ಹೋಗಿತ್ತು. ಯಜಮಾನರ ಬಾಯಿ ನೋಡಿಕೊಂಡೇ ತಲೆದೂಗುತ್ತಿದ್ದ. ರಾಗ ಹೇಗೆ ಕಾಣುತ್ತದಣ್ಣಾ ಎಂದು ಒಂದು ಸಲ ಕೇಳಿದ್ದಳು. "ಗಂಟಲಲ್ಲಿ ಕಾಣ್ತದವ್ವಾ" ಎಂದು ತನ್ನ ಗಂಟಲ ಗುಬುಟು ಮುಟ್ಟಿ ತೋರಿಸಿದ್ದ.

ಕುರ್ಚಿಯ ತುದಿಯಲ್ಲಿ ಕೂತು ಕಾಲು ಜೋಮು ಹಿಡಿಯಿತು. ವೇದಿಕೆಯ ಮೇಲೆ ಫಿಝಾ ಕೈಯಲ್ಲಿ ಭಾಷಣದ ಹಾಳೆ ಮಡಿಸುತ್ತ, ಬಿಚ್ಚುತ್ತ ಇದ್ದಳು. ತಿಳಿ ಹಸಿರು ಓಢಣಿ. ಬೆಳಿಗ್ಗೆ ಅದಕ್ಕೆ ಪಿನ್ನು ಹಾಕಿಸಿಕೊಳ್ಳುತ್ತ, ಕನ್ನಡಿಯಲ್ಲೇ ತಾಯಿಯನ್ನು ನೋಡುತ್ತ ಹೇಳಿದ್ದಳು, "ಅಮ್ಮೀ, ಇವತ್ತು ಸುಳ್ಳು ಹೇಳ್ಬೇಡ. ಹೊಗಳೋದೂ ಬೇಡ. ನಾನು ಮಾಡಿದ್ದು ನಿನಗೆ ಸರಿ ಅನ್ನಿಸ್ತಾ ಇಲ್ವಾ, ಅದೊಂದು ಹೇಳು. ಮನೇಲಿ ಕೇಳಿದ್ರೆ ಹೇಳಲ್ಲ. ಮೈಕ್ ಮುಂದೆಯಾದ್ರೂ ಹೇಳು." ಅವಳ ಅಬ್ಬಾ ಮನೆಯಲ್ಲಿದ್ದಿದ್ದರೆ ನಡುವೆ ಬಾಯಿ ಹಾಕುತ್ತಿದ್ದರು. ಗಂಡ ನಜೀಬುಲ್ಲಾನಿಗೆ ದಾಬಸ್‌ಪೇಟೆಯ ಗೋಡೌನಿನಲ್ಲಿ ಭಾನುವಾರವೂ ಪಾಳಿ. ಕಮರ್ ಜಹಾನ್ ಪಿನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಬೇಕಾಗಿ ಬರಲಿಲ್ಲ. ಪಿನ್ನು ಚುಚ್ಚಿಯಾದ ಮೇಲೂ ಕಚ್ಚಿಕೊಂಡವಳಂತೆಯೇ ಇದ್ದಳು.

ಉತ್ತರ ಇಲ್ಲದೆ ಇರಲಿಲ್ಲ. ಅದು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ, ಅಷ್ಟೆ. ಅವರ ಓಣಿಗೂ ಬಸ್‌ಸ್ಟ್ಯಾಂಡಿನ ರಸ್ತೆಗೂ ನಡುವೆ ಹೊಸ ಲೇಔಟು ಬಂದು, ಓಣಿಯ ಬಾಯಿಗೆ ಕಬ್ಬಿಣದ ಗೇಟು ಬಿದ್ದಾಗ, ಮಗ್ಗದವರೆಲ್ಲ ರಾಜಕಾಲುವೆಯ ಏರಿ ಹಿಡಿದು ಸುತ್ತಿ ಹೋಗುವುದನ್ನು ಕಲಿತರು. ಬೈದುಕೊಂಡೇ ಕಲಿತರು. ಗೇಟಿನಲ್ಲಿ ಕೂತ ವಾಚ್‌ಮನ್ ಕೆಲವರಿಗೆ ತೆಗೆಯುತ್ತಿದ್ದ, ಕೆಲವರಿಗೆ ತಲೆ ಅಲ್ಲಾಡಿಸುತ್ತಿದ್ದ. ಯಾರಿಗೆ ಯಾವುದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಟ್ಟೆ ನೋಡಿದರೆ ಸಾಕು. ಕಾಲೇಜಿನಿಂದ ಬಂದ ಫಿಝಾ ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಆ ಗೇಟಿನ ಮುಂದೆ ನೆಲದ ಮೇಲೆ ಕೂತಳು. ಮರುದಿನ ಅವಳ ಗೆಳತಿ ಪದ್ಮಶ್ರೀ ಬಂದಳು, ಆಮೇಲೆ ಓಣಿಯ ಹುಡುಗರು. ಘೋಷಣೆ ಇಲ್ಲ, ಕೂಗಾಟ ಇಲ್ಲ, ಕೂತು ಓದುವುದು. ಕೊನೆಗೆ ಅಧಿಕಾರಿಗಳು ಬಂದು ಟೇಪು ಹಿಡಿದು ಅಳೆದು, ಇದು ಸಾರ್ವಜನಿಕ ರಸ್ತೆ ಎಂದರು. ಗೇಟು ಬಿಚ್ಚಿ ಗಾಡಿಗೆ ಹಾಕಿದ ದಿನ ಓಣಿಗೆಲ್ಲ ಪಾಯಸ. ಮಾರನೆಯ ಬೆಳಿಗ್ಗೆ ಕಮರ್ ಜಹಾನ್ ಕೆಲಸಕ್ಕೆ ಹೊರಟವಳು ಆ ಜಾಗದವರೆಗೆ ಬಂದು, ಕಾಲು ತಾನಾಗಿ ಬಲಕ್ಕೆ ತಿರುಗಿ, ಏರಿಯ ಮೇಲೆ ಸುತ್ತಿಕೊಂಡೇ ಹೋದಳು. ಅದರ ಮರುದಿನವೂ. ಈಗಲೂ. ಫಿಝಾ ಒಮ್ಮೆ ಕಂಡುಹಿಡಿದು ಕೇಳಿದಾಗ "ಅಭ್ಯಾಸ ಕಣೆ" ಎಂದಳು. ಮಗಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅಂದಿನಿಂದ ಮನೆಯಲ್ಲಿ ಆ ಮಾತಿಲ್ಲ. ಅಭ್ಯಾಸವೇ ಇರಬಹುದೇ? ಹೆದರಿಕೆಯೇ? ತನ್ನದೇ ಕಾಲು ತನಗೆ ಹೇಳದೆ ತಿರುಗುವುದನ್ನು ಅವಳು ದಿನಾ ಬೆಳಿಗ್ಗೆ ಬೇರೆಯವರ ಕಾಲೆಂಬಂತೆ ನೋಡುತ್ತಿದ್ದಳು.

ದೀಪ ಆರಿಸಿ ವಿಡಿಯೋ ಹಾಕಿದರು. ಪರದೆಯ ತುಂಬ ಎರಡು ಕೈ ಕಂಡವು. ಬೂದಿ ಮೆತ್ತಿದ ಬೆರಳು ಎಳೆಗೆ ಎಳೆ ಹೊಸೆಯುತ್ತಿದ್ದವು. ಇಷ್ಟು ದೊಡ್ಡ ಕೈ ಯಾರದಪ್ಪಾ ಎಂದುಕೊಂಡಳು. ಹೆಬ್ಬೆರಳಿನ ಸೀಳು ಉಗುರು ಕಂಡ ಮೇಲೇ ತನ್ನದೆಂದು ಗೊತ್ತಾದದ್ದು. ಹಿಂದಿನಿಂದ ಒಂದು ಗಂಭೀರ ದನಿ 'ತಲೆಮಾರುಗಳಿಂದ ಮೌನಕ್ಕೆ ತಳ್ಳಲ್ಪಟ್ಟ ಹೆಣ್ಣುಗಳು' ಎಂದಿತು. ಗೋಡೆಬದಿಯ ಸಾಲಿನಲ್ಲಿ ಶೆಡ್ಡಿನ ಹೆಂಗಸರು ಕೂತಿದ್ದರು. ಪರದೆಯ ಬೆಳಕಿನಲ್ಲಿ ಸೊಣ್ಣಮ್ಮನ ತುಟಿ ಇಷ್ಟಗಲ ತೆರೆಯಿತು: "ಲೇ ಕಮರೂ, ನಿನ್ನ ಉಗುರು ನೋಡೇ, ಮೊರದಗಲ ಆಗೋಗೈತೆ!" ಕಮರ್ ಜಹಾನ್ ಸೆರಗಿನಲ್ಲಿ ಬಾಯಿ ಮುಚ್ಚಿ, ಸಂದಿಯಲ್ಲೇ, "ನಿನ್ನ ಮೂತಿ ತೋರ್ಸಿದ್ರೆ ಪರದೇನೇ ಸಾಲ್ತಿರಲಿಲ್ಲ" ಎಂದಳು. ಸಾಲಿಗೆ ಸಾಲೇ ಸದ್ದಿಲ್ಲದೆ ಕುಲುಕಿತು. ಪಕ್ಕದ ಕುರ್ಚಿಯವರು ಅವಳ ಅಲುಗುವ ಭುಜ ಕಂಡು, ಅಳುತ್ತಿದ್ದಾಳೆಂದು ತಿಳಿದು, ಮೆಲ್ಲಗೆ ಬೆನ್ನು ಸವರಿದರು. ಕಾಗದ ಸುಕ್ಕಾಯಿತು.

ಫಿಝಾಳೂ ಒಂದು ಕಾಲದಲ್ಲಿ ತುಟಿಮಾತಿನವಳೇ. ಶೆಡ್ಡಿನ ಮೂಲೆಯ ಜೋಲಿಯಲ್ಲಿ ಬೆಳೆದವಳು, ದನಿಗಿಂತ ಮೊದಲು ತುಟಿ ಕಲಿತವಳು. ಹೈಸ್ಕೂಲಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಆಚೆಬದಿಯಿಂದ ತಾಯಿ ತುಟಿಯಲ್ಲೇ ಏನೋ ಹೇಳಿದ್ದನ್ನು ಕಂಡು ಜೊತೆಯ ಹುಡುಗಿಯರು "ನಿಮ್ಮಮ್ಮ ಮೂಕಿನಾ?" ಅಂದರಂತೆ. ಅವತ್ತಿನಿಂದ "ಬಾಯಿ ಬಿಟ್ಟು ಮಾತಾಡು ಅಮ್ಮೀ." ಅದರಲ್ಲೇನೂ ತಪ್ಪಿರಲಿಲ್ಲ. ಕಮರ್ ಜಹಾನಳಿಗೆ ನೋವಾಗಲಿಲ್ಲವೆಂದಲ್ಲ.

ವಿಡಿಯೋ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಒಂದು ನಿಮಿಷ ಕತ್ತಲು, ಸೆಖೆ, ಯಾರೋ ಮಗುವಿನ ಅಳು. ಆಮೇಲೆ ವೇದಿಕೆಯ ಬೆನ್ನಿಗೇ ಜನರೇಟರು ಭಡಭಡ ಎದ್ದುಕೊಂಡಿತು, ನೆಲ ನಡುಗಿತು, ದೀಪ ಬಂದವು. ನರೇಶ್ ಕೂಗಿದ, "ಈಗ ಫಿಝಾ ಅವರ ತಾಯಿಯವರು!" ಕಮರ್ ಜಹಾನ್ ಬಿಸ್ಮಿಲ್ಲಾ ಎಂದು ಎದ್ದಳು. ಮೆಟ್ಟಿಲು ಹತ್ತುವಾಗ ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತು ಮೀರದಿದ್ದರೆ ಸಾಕು ಎಂಬುದೊಂದೇ ಮನಸ್ಸಿನಲ್ಲಿತ್ತು. ಮೈಕು ಕೈಗೆ ಬಂತು. ತಣ್ಣಗಿತ್ತು. ಬೆನ್ನ ಹಿಂದಿನ ಸದ್ದು ಅಂಗಾಲಿನಿಂದ ಮೊಣಕಾಲಿಗೆ ಏರಿದ್ದೇ ತಡ, ಅವಳೊಳಗಿನ ಬಿಗಿತ ಎಲ್ಲ ಬಿಟ್ಟುಹೋಯಿತು. ಈ ನಡುಕ ಅವಳಿಗೆ ಗೊತ್ತು. ದಿನವಿಡೀ ಇದರೊಳಗೇ ಕೂತವಳು. ಯಾರಿಗೆ ಹೇಳಬೇಕೋ ಅವರತ್ತ ಮುಖ ಮಾಡಿದಳು.

"ಫಿಝಾ, ನೀನು ಮಾಡಿದ್ದು ಸರಿ. ಇದನ್ನ ಮೊದ್ಲೇ ಹೇಳ್ಬೇಕಿತ್ತು. ಗೇಟು ತೆಗೆದ ದಿನ ಶೆಡ್ಡಲ್ಲಿ ನಾನು ಸುಮ್‌ಸುಮ್ನೆ ನಗ್ತಿದ್ದೆ, ಸೊಣ್ಣಮ್ಮನ್ನ ಕೇಳು. ಆದ್ರೆ ಗೇಟಲ್ಲಿ ಒಬ್ರು ಕೂತಿರ್ತಿದ್ರಲ್ಲ, ಮುನಿಸ್ವಾಮಿ ಅಂತ, ನಮ್ಮ ಶೆಡ್ಡಿನವರೇ. ನೀನು ಜೋಲೀಲಿದ್ದಾಗ ಅವರ ಮಗ್ಗ ಪಕ್ಕದ್ದು. ಆ ಸದ್ದಲ್ಲಿ ಮಗು ಅಳು ಯಾರಿಗೂ ಕೇಳಲ್ಲ, ಬಾಯಿ ನೋಡ್ಬೇಕು. ನೀನು ಅತ್ರೆ ಮೊದ್ಲು ನೋಡ್ತಿದ್ದೋರು ಅವರು, ಮಗ್ಗ ನಿಲ್ಲಿಸಿ ನನ್ನ ಕರೀತಿದ್ರು. ನೀನು ಸ್ಕೂಲಿಗೆ ಹೋಗೋ ಹೊತ್ತಿಗೆ ಕಿವಿ ಪೂರ್ತಿ ಹೋಗಿ ಮಗ್ಗ ಬಿಟ್ರು, ಆಮೇಲೆ ಈ ಗೇಟಿಗೆ ಸೇರ್ಕೊಂಡ್ರು. ದಿನಾ ಕಂಬಿ ಆಚೆಯಿಂದ ಊಟ ಆಯ್ತಾ ಅಂತ ಕೇಳ್ತಿದ್ರು. ನಾನಾಗಿದ್ರೆ ಬಿಡ್ತಿದ್ದೆ ಕಣವ್ವಾ, ಮೇಲೆ ಕ್ಯಾಮೆರಾ ಐತೆ, ಅಂತಿದ್ರು. ನೀನು ಅವರ ಮುಂದೇನೇ ಕೂತು ಓದ್ತಿದ್ದೆ. ಅವರಿಗೆ ನೀನು ಯಾರು ಅಂತ ಗೊತ್ತಿತ್ತು, ಹೇಳ್ಲಿಲ್ಲ. ಗೇಟು ಹೋಯ್ತು, ಅವರ ಕುರ್ಚೀನೂ ಹೋಯ್ತು. ಅದು ನಿನ್ನ ತಪ್ಪಲ್ಲ. ಆದ್ರೆ ಆ ಜಾಗಕ್ಕೆ ಬಂದ್ರೆ ನನ್ನ ತುಟಿ ತಾನಾಗೇ ಅಲ್ಲಾಡ್ತದೆ, ಎದುರಿಗೆ ಯಾರೂ ಇರಲ್ಲ. ಅದಕ್ಕೇ ಸುತ್ತಿಕೊಂಡು ಹೋಗ್ತೀನಿ. ನಿನ್ನ ಮೇಲಿನ ಸಿಟ್ಟಿಗಲ್ಲ."

ಹೇಳುತ್ತ ಹೇಳುತ್ತಲೇ ಅವಳಿಗೂ ತಿಳಿಯಿತು, ಕಾಲು ಯಾಕೆ ತಿರುಗುತ್ತಿತ್ತೆಂದು. ಹೋ, ಇದಾ! ಎನ್ನಿಸಿತು. ಗೋಡೆಬದಿಯಲ್ಲಿ ಎಲ್ಲರ ತಲೆಗಿಂತ ಮೇಲೆ ಎದ್ದು ನಿಂತಿದ್ದ ಸೊಣ್ಣಮ್ಮನ ತುಟಿ, "ತೂಬಗೆರೇಲಿ ಮಗಳ ಮನೇಲವ್ನೆ ಕಣೇ. ಗಟ್ಟಿಯಾಗೇ ಅವ್ನೆ, ಮೊಮ್ಮಕ್ಕಳ ಮೇಲೆ ರೇಗಾಡ್ಕೊಂಡು" ಎಂದಿತು. ಕಮರ್ ಜಹಾನ್ ಅಲ್‌ಹಮ್ದುಲಿಲ್ಲಾ ಎಂದಳು. ಆಗ ನರೇಶ್ ಓಡಿ ಬಂದು ಅವಳ ಕೈಯ ಮೈಕನ್ನು ಬೆರಳಿನಿಂದ ಬಡಿದ. ಟಪ್ ಟಪ್ ಎಂಬ ಸದ್ದು ಇಡೀ ಹಾಲಿಗೆ ಕೇಳಿತು. "ಮೈಕ್ ಸರಿಯಾಗೇ ಐತಲ್ಲ ಗುರು" ಎಂದು ಯಾರೋ ಕೆಳಗಿನಿಂದ ಕೂಗಿದರು. ಆಗ ಅವಳಿಗೆ ಗೊತ್ತಾಯಿತು, ಇಷ್ಟು ಹೊತ್ತು ತಾನು ಆಡಿದ್ದೆಲ್ಲ ತುಟಿಯಲ್ಲೇ.

ಹಾಲಿನ ತುಂಬ ಮುಖಗಳು ಕಾಯುತ್ತಿದ್ದವು, ಮರುಕದಿಂದ, ಸ್ವಲ್ಪ ಮುಜುಗರದಿಂದ. ಹೈಸ್ಕೂಲಿನ ಹುಡುಗಿಯರು ಕೇಳಿದ ಪ್ರಶ್ನೆಯೇ ಅಷ್ಟೂ ಮುಖಗಳಲ್ಲಿ ನಿಂತಂತೆ ಕಂಡಿತು. ಮಗಳ ದಿನ, ಮಗಳ ಮುಂದೆಯೇ, ಇಷ್ಟು ಜನರೆದುರು. ಮತ್ತೆ ದನಿ ತೆಗೆದು ಹೇಳೋಣವೆಂದರೆ ಅದನ್ನೆಲ್ಲ ಹೇಗೆ ಹೇಳುವುದು, ಅಧ್ಯಕ್ಷರು ಎದುರಿಗೇ ಇದ್ದಾರೆ, ಬಳಗಕ್ಕೆ ಆಸರೆ ಅವರದು. ನರೇಶ್ ಮೈಕು ತೆಗೆದುಕೊಂಡು, "ತಾಯಿಯ ಹೃದಯ ತುಂಬಿ ಬಂದಿದೆ. ಮಾತೇ ಹೊರಡಲಿಲ್ಲ" ಎಂದ. ಜೋರು ಚಪ್ಪಾಳೆ. ಲಕ್ಕಮ್ಮ ಎಚ್ಚೆತ್ತು ತಾನೂ ತಟ್ಟಿದಳು. ಕಮರ್ ಜಹಾನ್ ಫಿಝಾಳನ್ನು ನೋಡಲಾರದೆ, ಮೆಟ್ಟಿಲನ್ನು ನೋಡುತ್ತ ಇಳಿದು, ಸುಕ್ಕಾದ ಕಾಗದಕ್ಕೆ ಬೆನ್ನೊರಗಿಸಿ ಕೂತಳು.

ಫಿಝಾಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಫೋಟೋದವನು ನಗಲು ಹೇಳಿದಾಗ ಅವಳು ನಗಲಿಲ್ಲ. ನೋಡಿಲ್ಲವೇ, ಅಥವಾ ನೋಡಿಯೂ ತುಟಿ ಓದುವುದನ್ನು ಮರೆತಿದ್ದಾಳೆಯೇ? ನಿಂತ ನೀರಿನಲ್ಲಿ ಕಲ್ಲು ಹಾಕಿ ಆಳ ತಿಳಿಯಲು ಕಾಯುವವಳಂತೆ ಕಮರ್ ಜಹಾನ್ ಕಾದಳು. ಫಿಝಾ ಮೈಕಿನ ಮುಂದೆ ಬಂದು ಹಾಳೆ ಬಿಚ್ಚುವಾಗ ಕರೆಂಟು ಬಂದು, ಜನರೇಟರು ಕೆಮ್ಮಿ ನಿಂತಿತು. ಹಾಲು ಒಮ್ಮೆಲೇ ಖಾಲಿಯಾದಂತೆ ನಿಶ್ಶಬ್ದ.

"ಎಲ್ಲರಿಗೂ ನಮಸ್ಕಾರ" ಎಂದಳು. ಬಳಗಕ್ಕೆ, ಗೆಳೆಯರಿಗೆ, ಪದ್ಮಶ್ರೀಗೆ ವಂದನೆ ಹೇಳಿದಳು. ನರೇಶ್ ಅಧ್ಯಕ್ಷರತ್ತ ಕಣ್ಣು ಹಾಯಿಸಿದ. ಅವರು ಏಳುವುದೋ ಕೂರುವುದೋ ತಿಳಿಯದೆ ಅರ್ಧ ಎದ್ದು, ಎರಡು ಕೈ ಹತ್ತಿರ ತಂದಿಟ್ಟುಕೊಂಡಿದ್ದರು. "ನಾವು ಅಷ್ಟು ದಿನ ಗೇಟಿನ ಮುಂದೆ ಕೂತಿದ್ವಿ," ಎಂದು ಹಾಳೆ ನೋಡಿ ಓದಿದಳು, "ಬರ್ತಿದ್ದೋರು ಹೋಗ್ತಿದ್ದೋರು ಎಲ್ಲರ ಹೆಸರೂ ಕೇಳಿ ತಿಳ್ಕೊಂಡ್ವಿ. ನಾಗರಿಕ ಅಂದ್ರೆ ಮೊದ್ಲು ಒಂದು ಹೆಸರು ಅಂತ ನಾನು ನಂಬ್ತೀನಿ." ಅಲ್ಲಿಗೆ ನಿಂತಳು. ಮುಂದಿನ ಸಾಲು ಕಾಣದವಳಂತೆ ಹಾಳೆಯನ್ನೇ ನೋಡಿದಳು. ಆಮೇಲೆ ಅದನ್ನು ಮಡಿಸಿದಳು.

"ಗೇಟಿನ ಒಳಗೆ ಒಬ್ರು ಕೂತಿರ್ತಿದ್ರು. ನಮಗೆ ನೆರಳು ಬರ್ಲಿ ಅಂತ ಅವರ ಛತ್ರಿ ಕಂಬಿಗೆ ಸಿಕ್ಕಿಸ್ತಿದ್ರು. ನಾನು ಅವರನ್ನ ವಾಚ್‌ಮನ್ ಅಂತಿದ್ದೆ. ಅವರೊಬ್ಬರ ಹೆಸರು ಮಾತ್ರ ನಾನು ಕೇಳ್ಲಿಲ್ಲ. ಈಗ ತಾನೇ ಯಾರೋ ಹೇಳಿದ್ರು, ಸರಿಯಾಗಿ ಹಿಡಿಯೋಕಾಗ್ಲಿಲ್ಲ. ಅಭ್ಯಾಸ ತಪ್ಪಿಹೋಗಿದೆ."

ಅಷ್ಟು ಜನರೆದುರು, ಮೈಕಿನಿಂದ ಮುಖ ಸರಿಸಿ, ನೇರ ಮೊದಲ ಸಾಲಿನತ್ತ ತಿರುಗಿಸಿ, ಫಿಝಾ ತುಟಿ ಅಗಲಿಸಿದಳು. ಚಿಕ್ಕ ಹುಡುಗಿಯಾಗಿದ್ದಾಗಿನ ಹಾಗೆ, ಬೇಕಾದದ್ದಕ್ಕಿಂತ ಹೆಚ್ಚು ಅಗಲ. "ಇನ್ನೊಂದ್ಸಲ ಹೇಳು ಅಮ್ಮೀ." ಕಮರ್ ಜಹಾನ್ ಹೇಳಿದಳು. ನಿಧಾನವಾಗಿ, ಜೋಲಿಯ ಮಗುವಿಗೆ ಹೇಳುವಂತೆ.

"ಮುನಿಸ್ವಾಮಿ," ಎಂದಿತು ಮೈಕು. ಹೆಸರು ಹಾಲಿನ ಆಚೆ ಗೋಡೆಗೆ ತಾಗಿ ವಾಪಸು ಬಂತು. "ಅವರ ಕೆಲಸ ಹೋಯ್ತು. ನನಗೆ ಗೊತ್ತಿರಲಿಲ್ಲ. ನಮ್ಮ ಕೆಲಸ ಇನ್ನೂ ಮುಗಿದಿಲ್ಲ ಅಂತ ಆಯ್ತು." ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಅಧ್ಯಕ್ಷರ ಕೈಗಳು ಸೇರದೆ ಅಷ್ಟಕ್ಕೇ ನಿಂತಿದ್ದವು. ಅವರ ತುಟಿ ಹೆಂಡತಿಯ ಕಡೆ ತಿರುಗಿ ಏನೋ ಹೇಳಿತು. ಕಮರ್ ಜಹಾನ್ ನೋಡಬಹುದಾಗಿತ್ತು, ನೋಡಲಿಲ್ಲ. ಗೋಡೆಬದಿಯಲ್ಲಿ ಸೊಣ್ಣಮ್ಮ ಮೊದಲು ತಟ್ಟಿದಳು, ಆಮೇಲೆ ಆ ಸಾಲು, ಆಮೇಲೆ ಒಂದೊಂದು ಕಡೆಯಿಂದ ಎದ್ದ ಸದ್ದು ಸೇರಿ ಸೇರಿ, ಮಗ್ಗಗಳು ಒಂದರ ಹಿಂದೊಂದು ಚಾಲೂ ಆದಂತೆ ಹಾಲು ತುಂಬಿಕೊಂಡಿತು. ಆ ಸದ್ದಿನ ನಡುವೆ, ಮೆಟ್ಟಿಲಿಳಿಯುತ್ತ, ಸೊಣ್ಣಮ್ಮನ ತುಟಿಯನ್ನೂ ಓದಿಕೊಂಡಿದ್ದ ಫಿಝಾಳ ತುಟಿ ಕೇಳಿತು, "ತೂಬಗೆರೆಗೆ ಬಸ್ಸು ಎಷ್ಟೊತ್ತಿಗೈತೆ?"

"ನಮಾಜು ಮುಗಿಸ್ಕೊಂಡು, ಊಟ ಮಾಡ್ಕೊಂಡು ಹೋಗಣ," ಎಂದಳು ಕಮರ್ ಜಹಾನ್, ದನಿಯಿಲ್ಲದೆ. "ಊಟ ಆಯ್ತಾ ಅಂತಾನೇ ಅವರು ಮೊದ್ಲು ಕೇಳೋದು."